ನಾಲ್ಕು ಜಿಲ್ಲೆಗಳ ವಿದ್ಯಾರ್ಥಿವೇತನ

ಫೋರ್ಟ್, ಮುಂಬಯಿ
೨೨-೧-೧೯೫೬

ಗೆಳೆಯ ದೂಜ,

ನಿನ್ನ ದಹಿಸರಕ್ಕೆ ಅಂಚೆಯವನು ವಾರಕ್ಕೊಮ್ಮೆಯಾದರೂ ಬರುತ್ತಾನೆಂದು ನಂಬಿ ಇದನ್ನು ಬರೆಯುತ್ತಿದ್ದೇನೆ. ಮೂರು ಭಾನುವಾರ ಕಾದೆ, ನೀನು ಬರಲಿಲ್ಲ. ಸ್ವಂತ ಹೋಟೆಲು ಇಟ್ಟವನಿಗೆ ಭಾನುವಾರವೆಲ್ಲಿಯದು, ಬಿಡು.

ಯಲಿಗಾರ ಸರ್ ತೀರಿಕೊಂಡು ಎರಡು ತಿಂಗಳಾಯಿತು. ಅವರ ಹೆಸರಿನಲ್ಲಿ ಏನಾದರೊಂದು ನಿಲ್ಲಬೇಕೆಂದು ಮಣ್ಣು ಮಾಡಿ ಬರುವಾಗಲೇ ಮಾತಾಡಿಕೊಂಡಿದ್ದೆವಲ್ಲ, ಅದಕ್ಕೀಗ ರೂಪ ಬಂದಿದೆ. ಅವರು ಇಪ್ಪತ್ತೆರಡು ವರ್ಷ ಭೂಗೋಳ ಕಲಿಸಿದ ಕಾಲೇಜಿನಲ್ಲೇ ವರ್ಷಕ್ಕೊಬ್ಬರಿಗೆ ‘ಪ್ರೊಫೆಸರ್ ನೀಲಕಂಠಪ್ಪ ಯಲಿಗಾರ ಸ್ಮಾರಕ ವಿದ್ಯಾರ್ಥಿವೇತನ’. ಪಾರ್ಸಿ ಪ್ರಿನ್ಸಿಪಾಲರು ಖುಷಿಯಿಂದ ಒಪ್ಪಿದರು. ಕರಾರುಪತ್ರವನ್ನು ನಾನೇ ಬರೆದೆ. ಸಾಲಿಸಿಟರ ಆಫೀಸಿನಲ್ಲಿ ಹದಿಮೂರು ವರ್ಷ ಮಂದಿಯ ಕಾಗದ ಬರೆದ ಕೈ ಇದು. ಮೊದಲ ಸಲ ನಮ್ಮದೇ ಕಾಗದ ಬರೆಯಿತು.

ಮೂವರ ಸಹಿ ಬೇಕು: ನನ್ನದು, ನಿನ್ನದು, ಸರ್ ಅವರ ಮನೆಯವರಾದ ಶರಣವ್ವನವರದು. ಅವರು ಈಗ ಗುಳೇದಗುಡ್ಡದಲ್ಲಿ ತಮ್ಮನ ಮನೆಯಲ್ಲಿದ್ದಾರೆ. ಸಂಕ್ರಾಂತಿಗೆ ಊರಿಗೆ ಹೋದಾಗ ಅವರ ಸಹಿ ತಂದೆ. ಇಂಗ್ಲಿಷಿನ ಒಂಬತ್ತು ಪುಟ ಇದರ ಜೊತೆಗಿದೆ. ಪೆನ್ಸಿಲಿನಿಂದ ಗುರುತು ಮಾಡಿದ ಕಡೆ ನಿನ್ನ ಸಹಿ ಬೀಳಲಿ.

ನಿನ್ನ
ಸಿದ್ದಲಿಂಗಪ್ಪ


ದಹಿಸರ್
೨-೨-೧೯೫೬

ಸಿದ್ದ ಮಾರಾಯ,

ನಿನ್ನ ಒಂಬತ್ತು ಪುಟ ಬಂದದ್ದು ಮಧ್ಯಾಹ್ನದ ಊಟದ ಗಲಾಟೆಯಲ್ಲಿ. ದುಡ್ಡಿನ ಗಲ್ಲೆಯ ಮೇಲೆ ಇಟ್ಟುಕೊಂಡೇ ಎಲ್ಲ ಕಡೆ ಸಹಿ ಜಡಿದಿದ್ದೇನೆ. ನಾಲ್ಕನೆಯ ಪುಟಕ್ಕೆ ಸ್ವಲ್ಪ ಸಾಂಬಾರು ತಾಗಿದೆ, ಕೋರ್ಟಿನವರು ಕೇಳಿದರೆ ಅದೂ ಒಂದು ಮುದ್ರೆ ಎನ್ನು. ಓದಲಿಲ್ಲ. ಬರೆದವನು ನೀನಾದ ಮೇಲೆ ಓದುವುದೆಂತ?

ಹಣ ಕೂಡಿಸಲು ಫೋರ್ಟಿನ ನಮ್ಮವರ ಹೋಟೆಲುಗಳನ್ನೆಲ್ಲ ಸುತ್ತಿದೆ. ಯಾರೊಬ್ಬರೂ ಇಲ್ಲ ಎನ್ನಲಿಲ್ಲ. ಯಲಿಗಾರ ಮಾಸ್ತರರ ಮೂರು ಗಂಟೆಯ ಕ್ಲಾಸಿನಲ್ಲಿ ಕೂತವರು ಎಷ್ಟು ಜನ ಇದ್ದಾರೆ ಗೊತ್ತುಂಟಾ? ಊಟದ ಗಿರಾಕಿ ಮುಗಿದು, ಚಹಾದ ಗಿರಾಕಿ ಶುರುವಾಗುವ ಮುಂಚಿನ ಆ ಒಂದು ಗಂಟೆ. ಮಾಸ್ತರರು ಕಾಲೇಜು ಮುಗಿಸಿ ಬಂದು, ನಾನು ಗ್ಲಾಸು ತೊಳೆಯುತ್ತಿದ್ದ ಹೋಟೆಲಿನ ಹಿಂದಿನ ಮೇಜಿಗೆ ಕೂರುವರು. ಕೈ ಒರೆಸಿಕೊಂಡು ಬಂದವರೆಲ್ಲ ವಿದ್ಯಾರ್ಥಿಗಳೇ. ನೀನು ಕಾಲೇಜಿನ ಹುಡುಗ, ಅವರ ನಕ್ಷೆಯ ಸುರುಳಿ ಹಿಡಿದು ಹಿಂದೆ ಹಿಂದೆ ಬರುತ್ತಿದ್ದೆ. ನಿನ್ನ ಇಸ್ತ್ರಿ ಅಂಗಿ ನೋಡಿ ನನಗೆ ಪಿತ್ತ ನೆತ್ತಿಗೇರುತ್ತಿತ್ತು. ಆ ಮೇಜಿನಿಂದ ಎದ್ದು ನಾನು ಮೆಟ್ರಿಕ್ ಮಾಡಿದೆ, ಅವರದೇ ಕಾಲೇಜಿನಲ್ಲಿ ಬಿ.ಎ. ಆದೆ. ಈಗ ನೋಡು, ಬಿ.ಎ. ಪಾಸಾದ ಇಡ್ಲಿ ತಿನ್ನಲು ದಹಿಸರಿನ ಜನ ಬರುತ್ತಾರೆ.

ದೋಸೆಕಲ್ಲಿನ ಐತ ನೆನಪಿದ್ದಾನಾ? ಅವನು ಆ ಕ್ಲಾಸಿನಲ್ಲಿ ಸಹಿ ಹಾಕುವುದಷ್ಟನ್ನು ಕಲಿತು ಅಲ್ಲಿಗೇ ನಿಂತ. ಈಗ ಧಾರಾವಿಯಲ್ಲಿದ್ದಾನೆ. ಅವನ ಮಗಳು ಸೇವಂತಿ ಮಾರ್ಚಿನಲ್ಲಿ ಮೆಟ್ರಿಕ್ ಪರೀಕ್ಷೆಗೆ ಕೂರುತ್ತಾಳೆ, ಭಾರೀ ಚುರುಕು. ಒಳ್ಳೆಯ ಅಂಕ ಬಂದರೆ ಮಾಸ್ತರರ ಹೆಸರಿನ ವೇತನ ಅವಳಿಗೆ ಸಿಗುತ್ತದೆ ಎಂದು ನಾನು ಮಾತು ಕೊಟ್ಟುಬಿಟ್ಟೆ. ಐತ ಒಲೆಯ ಮುಂದೆಯೇ ಕೈ ಮುಗಿದ.

ಬಾ ಒಂದು ದಿನ. ನಿನಗಾಗಿ ಜೋಳದ ರೊಟ್ಟಿ ಬಡಿಯಲು ನೋಡುತ್ತೇನೆ, ಭೂಪಟದ ಹಾಗೆ ಬಂದರೂ ತಿನ್ನಬೇಕು.

ನಿನ್ನ
ದೂಜ


ದಹಿಸರ್
೯-೭-೧೯೫೬

ಸಿದ್ದಲಿಂಗಪ್ಪ,

ಸೇವಂತಿ ಫಸ್ಟ್ ಕ್ಲಾಸಿನಲ್ಲಿ ಪಾಸಾದಳು. ಕಾಲೇಜು ಸೇರಿದಳು. ಮೊದಲ ಟರ್ಮಿನ ಫೀಯನ್ನು ಐತ ಹೇಗೋ ಹೊಂದಿಸಿದ. ವೇತನದ ಅರ್ಜಿ ಮಾತ್ರ ನಿನ್ನೆ ಹಿಂದೆ ಬಂತು. ‘ಮೂರನೆಯ ಕಲಮಿನ ಪ್ರಕಾರ ಅರ್ಹಳಲ್ಲ’ ಎಂದು ಕೆಂಪು ಶಾಯಿಯಲ್ಲಿ ಬರೆದಿದ್ದಾರೆ.

ನನ್ನ ಪ್ರತಿ ತೆಗೆದು ಈಗ ಓದಿದೆ. ‘ಮುಂಬಯಿ ರಾಜ್ಯದ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರ ಜಿಲ್ಲೆಗಳ ಮೂಲದವರಿಗೆ ಮಾತ್ರ.’ ನಮ್ಮ ಉಡುಪಿ, ಮಂಗಳೂರು ಮದ್ರಾಸು ರಾಜ್ಯದಲ್ಲಿರುವುದು ಐತನ ತಪ್ಪಾ ಮಾರಾಯ? ದೇಣಿಗೆ ಕೇಳಲು ಹೋದಾಗ ನೀವು ಯಾವ ರಾಜ್ಯದವರು ಎಂದು ನಾನು ಯಾರನ್ನೂ ಕೇಳಲಿಲ್ಲ.

ಮರೆತು ಬರೆದಿದ್ದರೆ ಹೇಳು, ತಿದ್ದಿಸೋಣ. ದೀಪಾವಳಿ ಕಳೆದ ಮೇಲೆ ಎರಡನೆಯ ಟರ್ಮಿನ ಫೀ ಕಟ್ಟದಿದ್ದರೆ ಅವಳ ಹೆಸರು ಹೊಡೆದುಹಾಕುತ್ತಾರೆ. ಅದನ್ನು ನಾನೇ ಕಟ್ಟುತ್ತೇನೆಂದರೆ ಐತ ಒಪ್ಪುವುದಿಲ್ಲ. “ನೀವು ಕೊಟ್ರೆ ಅದು ಧರ್ಮ ಆಗ್ತದೆ ದೂಜಣ್ಣ. ಮಾಸ್ತರ್ರ ಹೆಸರಲ್ಲಿ ಬಂದ್ರೆ ಮರ್ಯಾದೆ” ಎನ್ನುತ್ತಾನೆ. ಅವನ ಮುಂದೆ ನಾನು ಯಾವ ಮುಖ ಇಟ್ಟುಕೊಂಡು ನಿಲ್ಲಲಿ?

ಉತ್ತರ ಬೇಗ ಬರಲಿ.

ದೂಜ


ಫೋರ್ಟ್, ಮುಂಬಯಿ
೨೦-೭-೧೯೫೬

ಶ್ರೀ ದೂಜ ಪೂಜಾರಿಯವರಿಗೆ,

ತಮ್ಮ ಪತ್ರ ಮುಟ್ಟಿತು. ಯಲಿಗಾರ ಸರ್ ವಿಜಾಪುರ ಜಿಲ್ಲೆಯವರು. ಅವರ ನೆನಪಿನ ವೇತನ ಅವರ ಕಡೆಯ ವಿದ್ಯಾರ್ಥಿಗಳಿಗೆ ಸಲ್ಲಬೇಕೆಂಬುದರಲ್ಲಿ ಅನ್ಯಾಯವೇನೂ ಇಲ್ಲ. ಕರಾರು ನೋಂದಣಿಯಾಗಿದೆ. ಒಬ್ಬಿಬ್ಬರ ಸಲುವಾಗಿ ಅದನ್ನು ತಿದ್ದುವುದು ಸರಿಯಲ್ಲ.

ಓದದೆ ಸಹಿ ಹಾಕಿದ್ದು ತಮ್ಮ ತಪ್ಪು.

ಇಂತು,
ಸಿ. ವೀ. ಅಂಗಡಿ


ಗುಳೇದಗುಡ್ಡ
೩೦-೯-೧೯೫೬

ಚಿರಂಜೀವಿ ಸಿದ್ದಲಿಂಗಪ್ಪನಿಗೆ ಶರಣವ್ವನ ಆಶೀರ್ವಾದ.

ನನ್ನ ಅಕ್ಷರ ನಿನಗೆ ಗೊತ್ತೇ ಇದೆ, ನಿಧಾನ ಓದಿಕೋ. ಮದುವೆಯಾದ ಮೇಲೆ ಅವರು ಕಲಿಸಿದ್ದು, ಅದಕ್ಕೇ ಎಲ್ಲ ಅಕ್ಷರಗಳೂ ಬೋರ್ಡಿನ ಮೇಲೆ ಬರೆದಷ್ಟು ದೊಡ್ಡವು.

ದೂಜನ ಕಾರ್ಡು ತಿಂಗಳಿಗೊಂದು ತಪ್ಪದೆ ಬರುತ್ತಿತ್ತು. ಮೂರು ತಿಂಗಳಿಂದ ಇಲ್ಲ. ನಿನ್ನ ಕಾಗದಗಳಲ್ಲಿ ಅವನ ಹೆಸರೇ ಇಲ್ಲ. ನಾನು ಕೇಳಿದ್ದಕ್ಕೆ ನೀನು ಮಳೆ ಬೆಳೆಯ ಸುದ್ದಿ ಬರೆದೆ. ಮುಂಬಯಿಯಲ್ಲಿ ಯಾವ ಬೆಳೆ ಬರುತ್ತದೆಯಪ್ಪಾ?

ಆ ಇಂಗ್ಲಿಷ್ ಕಾಗದದಲ್ಲಿ ಏನಿತ್ತು? ನಾನು ಅದನ್ನು ನೋಡಲಿಲ್ಲ, ನಿನ್ನ ಮುಖ ನೋಡಿ ಸಹಿ ಮಾಡಿದೆ.

ಮೈ ಕಡೆ ಜೋಪಾನ.

ಶರಣವ್ವ


ಫೋರ್ಟ್, ಮುಂಬಯಿ
೨೪-೧೧-೧೯೫೬

ದೂಜ,

ಇದನ್ನು ಓದಿ ನೀನು ನಗುತ್ತೀ. ನಗು, ನಿನಗೆ ಆ ಹಕ್ಕಿದೆ.

ಮೊನ್ನೆ ಹತ್ತೊಂಬತ್ತಕ್ಕೆ, ಸರ್ ಹೋಗಿ ವರ್ಷ ತುಂಬಿದ ದಿನ, ಮೊದಲ ವೇತನ ಕೊಡುವುದಿತ್ತು. ಧಾರವಾಡದ ಕಡೆಯ ಗದಿಗೆಪ್ಪ ಎಂಬ ಹುಡುಗನನ್ನು ಆರಿಸಿದ್ದರು. ಹಾರ ತಂದಿದ್ದೆ, ಫೋಟೋಕ್ಕೆ ಕಟ್ಟು ಹಾಕಿಸಿದ್ದೆ. ಹದಿನೇಳಕ್ಕೆ ಪ್ರಿನ್ಸಿಪಾಲರು ಕರೆಸಿ ಮೂರನೆಯ ಕಲಮಿನ ಮೇಲೆ ಬೆರಳಿಟ್ಟರು. “ಮಿಸ್ಟರ್ ಅಂಗಡಿ, ನವೆಂಬರ್ ಒಂದರಿಂದ ಈ ನಾಲ್ಕು ಜಿಲ್ಲೆಗಳು ಮೈಸೂರು ರಾಜ್ಯದಲ್ಲಿವೆ. ಮುಂಬಯಿ ರಾಜ್ಯದಲ್ಲಿ ಇಂಥ ಜಿಲ್ಲೆಗಳೇ ಇಲ್ಲ. ನಿಮ್ಮ ವೇತನಕ್ಕೆ ಭೂಮಿಯ ಮೇಲೆ ಯಾರೂ ಅರ್ಹರಲ್ಲ. ಅದೂ ಭೂಗೋಳದ ಪ್ರೊಫೆಸರರ ಹೆಸರಿನಲ್ಲಿ!” ಎಂದರು.

ಕನ್ನಡದ ಜಿಲ್ಲೆಗಳೆಲ್ಲ ಒಂದಾದವೆಂದು ನವೆಂಬರ್ ಒಂದರಂದು ಇಡೀ ಆಫೀಸಿಗೆ ಪೇಢೆ ಹಂಚಿದವನು ನಾನೇ! ವರ್ಷದಿಂದ ಪೇಪರಿನಲ್ಲಿ ಅದೇ ಸುದ್ದಿ ಓದುತ್ತಿದ್ದೆ, ಸಭೆಗಳಿಗೆ ಹೋಗಿ ಚಪ್ಪಾಳೆ ತಟ್ಟುತ್ತಿದ್ದೆ. ನಾನು ಬರೆದ ಕಲಮು ಮಾತ್ರ ನೆನಪಾಗಲಿಲ್ಲ. ಗದಿಗೆಪ್ಪ ಬೇಸರಪಡಲಿಲ್ಲ, ಅವನ ಅಪ್ಪ ವಕೀಲರು. ಊರಿನ ಕಾಲೇಜಿಗೇ ಹೋಗುತ್ತೇನೆಂದ. ಹಾರವನ್ನು ಫೋಟೋಕ್ಕೆ ಹಾಕಿ ಬಂದೆ.

ತಮಾಷೆ ಇಲ್ಲಿಗೆ ಮುಗಿಯಿತು. ಮುಂದಿನದನ್ನು ಬರೆದು ಮೂರು ಸಲ ಹರಿದಿದ್ದೇನೆ.

ನೀನು ಜುಲೈಯಲ್ಲಿ ಕೇಳಿದ್ದೆ, ಮರೆತು ಬರೆದೆಯಾ ಎಂದು. ಮರೆತಿರಲಿಲ್ಲ. ಆ ಸಾಲು ಬರೆಯುವಾಗ ನಿನ್ನ ಊರು ಯಾವ ರಾಜ್ಯದಲ್ಲಿದೆ ಎಂಬುದು ಚೆನ್ನಾಗಿ ನೆನಪಿತ್ತು. ಆಸ್ಪತ್ರೆಯಲ್ಲಿ ಕೊನೆಯ ಇಪ್ಪತ್ತು ದಿನ ಸರ್ ಕರೆದದ್ದು ನಿನ್ನನ್ನು. ನೀನು ಮಾಡಿದ ಗಂಜಿ, ಕುಡಿಸಲು ನಿನ್ನ ಕೈ. ನಾನು ಹೊರಗೆ ಬೆಂಚಿನ ಮೇಲೆ ಕೂತಿರುತ್ತಿದ್ದೆ. ಶರಣವ್ವನವರು ಬಾಗಿಲಿಗೆ ಬಂದು “ನಾಳಿ ಬಾರಪಾ, ಈಗರೆ ಕಣ್ಣ ಮುಚ್ಯಾರ” ಎನ್ನುವರು. ಆಗ ಒಳಗಿನಿಂದ ನಿನ್ನ ಮಾತು ಕೇಳುತ್ತಿತ್ತು. ನಾನು ಅವರ ಜಿಲ್ಲೆಯವನು, ಅವರ ನೆರೆಯೂರವನು, ಹದಿನೇಳು ವರ್ಷ ಅವರ ಹಿಂದೆ ತಿರುಗಿದವನು. ಹೊಟ್ಟೆಕಿಚ್ಚು, ದೂಜ. ಜೀವ ಇರುವಾಗ ನಿನ್ನವರಾದರು, ಹೆಸರಾದರೂ ನಮ್ಮ ಕಡೆ ಉಳಿಯಲಿ ಎಂದು ಆ ಸಾಲು ಬರೆದೆ.

ಕರಾರನ್ನು ಹೊಸದಾಗಿ ಬರೆಯಲೇಬೇಕಾಗಿದೆ. ಈ ಸಲ ಕನ್ನಡದಲ್ಲೂ ಒಂದು ಪ್ರತಿ ಮಾಡುತ್ತೇನೆ. ನೀನು ಓದಿ ಸಹಿ ಹಾಕು.

ಸಿದ್ದಲಿಂಗಪ್ಪ


ದಹಿಸರ್
೨-೧೨-೧೯೫೬

ಸಿದ್ದ,

ನಕ್ಕೆ. ಪೇಢೆಯ ಕಡೆ ಬಂದಾಗ ಗಲ್ಲೆಯ ಮೇಲೆ ತಲೆಯಿಟ್ಟು ನಕ್ಕೆ, ಗಿರಾಕಿಗಳು ಹೆದರಿದರು. ಆಮೇಲಿನದನ್ನು ಓದಿ ಮುಗಿಸಿ, ಹೋಟೆಲನ್ನು ಹೆಂಡತಿಗೆ ಒಪ್ಪಿಸಿ, ಸ್ಟೇಷನ್ನಿನ ಬೆಂಚಿನಲ್ಲಿ ಹೋಗಿ ಕೂತೆ. ನಾಲ್ಕು ಲೋಕಲ್ ರೈಲು ಹೋಗಲು ಬಿಟ್ಟೆ.

ಆ ಗಂಜಿಯ ಕೋಣೆ ಸುಖದ ಕೋಣೆಯಾಗಿತ್ತೆಂದು ತಿಳಿದೆಯಾ? ಕುಡಿಸಿದ್ದರಲ್ಲಿ ಅರ್ಧ ಹೊರಗೆ ಬರುತ್ತಿತ್ತು. ನೀನು ಯಾಕೆ ಒಳಗೆ ಬರುವುದಿಲ್ಲ ಎಂದು ನನಗೆ ನಿನ್ನ ಮೇಲೆ ಸಿಟ್ಟಿತ್ತು.

ನನ್ನ ಹತ್ತಿರ ಕ್ಷಮೆ ಕೇಳಬೇಡ. ಬೈಸಿಕೊಂಡು ಮರೆಯುವುದು ಹೋಟೆಲಿನವನ ಕಸುಬು. ಸೇವಂತಿಯ ಹೆಸರನ್ನು ಕಾಲೇಜಿನಲ್ಲಿ ಹೊಡೆದುಹಾಕಿಯಾಯಿತು. ಈಗ ಧಾರಾವಿಯ ಒಂದು ಕಾರ್ಖಾನೆಯಲ್ಲಿ ಚರ್ಮದ ಪರ್ಸಿಗೆ ಗುಂಡಿ ಕೂರಿಸುತ್ತಾಳೆ. ನೀನೇ ಹೋಗು. ಚೀಟಿ ಕಳಿಸಬೇಡ, ಇಸ್ತ್ರಿ ಅಂಗಿಯಲ್ಲೇ ಹೋಗು. ಐತನಿಗೆ ಏನು ಹೇಳುತ್ತೀಯೋ ನಿನಗೆ ಬಿಟ್ಟದ್ದು. ಅದಾದ ಮೇಲೆ ಸಹಿಯ ಮಾತು.

ದೂಜ


ಫೋರ್ಟ್, ಮುಂಬಯಿ
೧೭-೧೨-೧೯೫೬

ಶರಣವ್ವನವರಿಗೆ ನಮಸ್ಕಾರ.

ಕಾಗದದಲ್ಲಿ ಏನಿತ್ತು ಎಂದು ನೀವು ಕೇಳಿ ಎರಡೂವರೆ ತಿಂಗಳಾಯಿತು. ದೂಜನಿಗೆ ಬರೆದದ್ದರ ನಕಲನ್ನು ಇದರೊಳಗೆ ಇಟ್ಟಿದ್ದೇನೆ. ಅದನ್ನು ಮೊದಲು ಓದಿ. ಓದಿದ ಮೇಲೂ ನನ್ನನ್ನು ಚಿರಂಜೀವಿ ಎನ್ನುವಿರಾದರೆ ಮುಂದಿನದನ್ನು ಓದಿ.

ನಿನ್ನೆ ಬೆಳಿಗ್ಗೆ ಧಾರಾವಿಗೆ ಹೋಗಿದ್ದೆ. ಸಯನ್ ಸ್ಟೇಷನ್ನಿನಲ್ಲಿ ಇಳಿದು, ಚರ್ಮ ಒಣಹಾಕಿದ ಬಯಲು ದಾಟಿ, ಕೇಳಿಕೊಂಡು ಕೇಳಿಕೊಂಡು ಐತನ ಖೋಲಿ ಹಿಡಿದೆ. ಅವನಿಗೆ ನನ್ನ ಗುರುತು ತಟ್ಟನೆ ಸಿಕ್ಕಿತು. “ನಕ್ಷೆ ಹಿಡ್ಕೊಂಡು ಬರ್ತಿದ್ದ ಸಾಹೇಬ್ರಲ್ವಾ?” ಎಂದು ಇದ್ದೊಂದು ಕುರ್ಚಿಯನ್ನು ಒರೆಸಿದ. ನಾನು ಕೂರಲಿಲ್ಲ. ವಿಷಯ ತೆಗೆಯುವ ಮೊದಲೇ ಅವನು ಹೇಳಿದ, “ಸಾಹೇಬ್ರೆ, ನನ್ನಿಂದ್ಲೇ ಆದದ್ದು ಅದು. ಫಾರ್ಮಿನಲ್ಲಿ ನನ್ನ ಸಹಿ ಸರಿ ಬೀಳ್ಲಿಲ್ಲ. ಮಾಸ್ತರ್ರು ಕಲಿಸಿ ಎಷ್ಟು ವರ್ಷ ಆಯ್ತು, ಕೈ ಮರ್ತು ಹೋಗಿದೆ. ಅದಕ್ಕೇ ರಿಜೆಕ್ಟ್ ಮಾಡಿದ್ರು.”

ಗೋಡೆಗೆ ಒಂದು ಸ್ಲೇಟು ಒರಗಿಸಿಟ್ಟಿತ್ತು. ಜುಲೈಯಿಂದ ದಿನಾ ಕೆಲಸದಿಂದ ಬಂದು ಅವನು ಅದರಲ್ಲಿ ತನ್ನ ಹೆಸರು ಬರೆದು ನೋಡುತ್ತಿದ್ದಾನೆ. ಮುಂದಿನ ಸಲ ತಪ್ಪಬಾರದೆಂದು.

ಅವ್ವಾ, ನನಗೆ ಅಲ್ಲೇ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. “ನಿನ್ನ ಸಹಿ ಸರಿ ಐತಿ, ಐತಾ. ತಪ್ಪು ನಂದು. ನಾ ಬೇಕಂತ ಹಂಗ ಬರದಿದ್ದೆ” ಎಂದೆ. ಅವನು ಸ್ಲೇಟನ್ನು ತಿರುಗಿಸಿ ಗೋಡೆಗೆ ಒರಗಿಸಿದ. ಆಮೇಲೆ “ಚಹಾ ಕುಡಿತೀರಾ?” ಎಂದ. ಕುಡಿದೆ.

ಅಷ್ಟರಲ್ಲಿ ಮಗಳು ಬಂದಳು. ಬೆರಳ ತುದಿಗಳೆಲ್ಲ ಕಪ್ಪಾಗಿದ್ದವು. ಕನ್ನಡ ತಡವರಿಸುತ್ತಾಳೆ, ನಡುನಡುವೆ ಹಿಂದಿ. ಜೂನಿನಲ್ಲಿ ಮತ್ತೆ ಅರ್ಜಿ ಹಾಕಬೇಕೆಂದು ಹೇಳಿದೆ. “ಫಿರ್ ಸೇ ಫಾರ್ಮ್? ಹಾಕ್ತೇನೆ ಅಂಕಲ್. ಆದ್ರೆ ಪಕ್ಕಾ ಹೇಳಿ. ಮತ್ತೆ ನಹೀ ಅಂದ್ರೆ ಬಾಬಾನಿಗೆ ತಡ್ಕೊಳ್ಳಿಕ್ಕೆ ಆಗೋದಿಲ್ಲ” ಎಂದಳು. ಅವಳ ಒಂದು ವರ್ಷವನ್ನು ನಾನು ತಿಂದೆ. ಬೈದಿದ್ದರೆ ಹಗುರಾಗುತ್ತಿತ್ತು. ಅವಳು ಬೈಯಲಿಲ್ಲ.

ಮೂರನೆಯ ಕಲಮನ್ನು ಈಗ ನೀವೇ ಹೇಳಬೇಕು. ನನ್ನ ಕೈಗೆ ನಂಬಿಕೆಯಿಲ್ಲ. ಯಾರಿಗೆ ಕೊಟ್ಟರೆ ಸರ್ ಒಪ್ಪುತ್ತಿದ್ದರು?

ನಿಮ್ಮ
ಸಿದ್ದಲಿಂಗಪ್ಪ


ಗುಳೇದಗುಡ್ಡ
೪-೧-೧೯೫೭

ಚಿರಂಜೀವಿ ಸಿದ್ದಲಿಂಗಪ್ಪನಿಗೆ,

ಚಿರಂಜೀವಿ ಎಂದೇ ಬರೆದಿದ್ದೇನೆ, ನೋಡಿಕೋ. ನಿನ್ನ ಮೇಲೂ, ಕಾರ್ಡು ನಿಲ್ಲಿಸಿದ ದೂಜನ ಮೇಲೂ ಸಿಟ್ಟು ಬಂದಿತ್ತು. ಎರಡು ದಿನ ಇಟ್ಟುಕೊಂಡೆ, ಮೂರನೆಯ ದಿನಕ್ಕೆ ಉಳಿಯಲಿಲ್ಲ.

ಕಲಮು ಹೀಗೆ ಬರೆ. ಮನೆಯಲ್ಲಿ ಇನ್ನೂ ಯಾರೂ ಕಾಲೇಜಿನ ಮೆಟ್ಟಿಲು ಹತ್ತಿಲ್ಲದ ಮಗುವಿಗೆ ಕೊಡಬೇಕು. ಊರು, ಜಿಲ್ಲೆ, ಜಾತಿ ಒಂದನ್ನೂ ಕೇಳಬಾರದು. ನಮ್ಮ ಮಾವನವರು ವೀಳ್ಯದೆಲೆ ಮಾರುತ್ತಿದ್ದರು. ಇವರು ಕಾಲೇಜಿಗೆ ಹೊರಟಾಗ ಓಣಿಯವರೆಲ್ಲ ನಕ್ಕಿದ್ದರಂತೆ. ಅಂಥವರಿಗೆ ಕೊಟ್ಟರೆ ಇವರು ಒಪ್ಪುತ್ತಾರೆ.

ಇನ್ನೊಂದು ಮಾತು. ಯಾರಿಗೂ ಹೇಳಬೇಡ ಎಂದಿದ್ದರು. ನಿನ್ನ ಕಾಗದ ಓದಿದ ಮೇಲೆ ಆ ಮಾತು ಮುರಿಯುತ್ತಿದ್ದೇನೆ.

ಆಸ್ಪತ್ರೆಯಲ್ಲಿ ಒಂದು ದಿನ ಹೊರಗೆ ನಿನ್ನ ದನಿ ಕೇಳಿತು. “ಸಿದ್ದ ಬಂದಾನ, ಕರೀಲೇನು?” ಎಂದೆ. ನನ್ನ ಕೈ ಹಿಡಿದರು. “ಬ್ಯಾಡ. ದೂಜನ ಮುಂದ ನಾ ಮಾಸ್ತರ. ಅಂವ ಕೊಟ್ಟ ಗಂಜಿ ಕುಡದು ಸುಮ್ನ ಮಲಗತೀನಿ. ಸಿದ್ದ ಬಂದು ನಮ್ಮೂರ ಮಾತಾಡಿದ್ರ ನನಗ ಊರಿಗೆ ಹೋಗಬೇಕು ಅನಸ್ತೈತಿ. ಇನ್ನ ಅದು ಆಗೂದಿಲ್ಲ. ಅಂವನ ಮುಂದ ನಾ ಅತ್ತುಬಿಡತೀನಿ. ಹುಡುಗ ಅದನ್ನ ನೋಡಬಾರದು” ಎಂದರು. ಮರುದಿನವೂ ನೀನು ಬಂದೆಯೋ ಎಂದು ಕೇಳಿದರು. ದಿನಾ ಕೇಳುತ್ತಿದ್ದರು. ಬಂದು ಕೂತಿದ್ದಾನೆ ಎಂದರೆ ಸಮಾಧಾನದಿಂದ ಕಣ್ಣು ಮುಚ್ಚುತ್ತಿದ್ದರು.

ನಾನು ಅಂದೇ ಹೇಳಬೇಕಿತ್ತು. ನನ್ನದೂ ತಪ್ಪು.

ಶರಣವ್ವ


ದಹಿಸರ್
೨೩-೬-೧೯೫೭

ಅಮ್ಮನವರಿಗೆ ದೂಜ ಮಾಡುವ ನಮಸ್ಕಾರಗಳು.

ಮೊಣಕಾಲಿನ ನೋವಿನಲ್ಲಿ ನಿಮಗೆ ಬರಲಾಗಲಿಲ್ಲ, ಆದ್ದರಿಂದ ನಿನ್ನೆಯದನ್ನೆಲ್ಲ ಬರೆಯುತ್ತಿದ್ದೇನೆ. ಈ ಕೆಲಸವನ್ನು ಸಿದ್ದ ನನ್ನ ತಲೆಗೆ ಕಟ್ಟಿದ. ನಾನು ಬರೆದರೆ ನನ್ನನ್ನು ಬಿಟ್ಟು ಬರೆಯುತ್ತೇನೆ, ನೀನಾದರೆ ಮಸಾಲೆ ಹಾಕುತ್ತೀ ಎಂದ.

ಹೊಸ ಕರಾರನ್ನು ನಾನು ಪೂರ್ತಿ ಓದಿಯೇ ಸಹಿ ಹಾಕಿದ್ದು. ಗಿರಾಕಿ ಕಾದರೂ ಬಿಡಲಿಲ್ಲ. ಸಿದ್ದ ಎದುರಿಗೆ ಕೂತು, ಪರೀಕ್ಷೆಗೆ ಕೂತವನ ಹಾಗೆ ಬೆವರುತ್ತಿದ್ದ. ನಿಮ್ಮ ಜನವರಿಯ ಪತ್ರವನ್ನು ಅಂಗಿಯ ಒಳಜೇಬಿನಲ್ಲಿ ಇಟ್ಟುಕೊಂಡೇ ತಿರುಗುತ್ತಾನೆ. ನನಗೆ ಒಮ್ಮೆ ಓದಲು ಕೊಟ್ಟ. ಓದಿದೆವು, ಇಬ್ಬರೂ ಅತ್ತೆವು, ಆಮೇಲೆ ಬೋಂಡ ತಿಂದೆವು.

ಈ ವರ್ಷ ಒಂಬತ್ತು ಅರ್ಜಿ ಬಂದಿದ್ದವು. ಆಯ್ಕೆಯಲ್ಲಿ ನಾವಿಬ್ಬರೂ ಕೈ ಹಾಕಲಿಲ್ಲ. ಕಾಲೇಜಿನವರೇ ಅಂಕ ನೋಡಿ ಸೇವಂತಿಯ ಹೆಸರು ಹೇಳಿದರು. ಸುದ್ದಿ ಕೇಳಿದ ದಿನ ಐತ ತನ್ನ ಹೋಟೆಲಿನಲ್ಲಿ ಒಂದಿಡೀ ದೋಸೆ ಸುಟ್ಟು ಕರಿ ಮಾಡಿದನಂತೆ. ಮೂವತ್ತು ವರ್ಷದಲ್ಲಿ ಮೊದಲನೆಯದು.

ನಿನ್ನೆ ಮಳೆ ಹೊಯ್ಯುತ್ತಿತ್ತು, ಆದರೂ ಕಾಲೇಜಿನ ಸಭಾಂಗಣ ತುಂಬಿತ್ತು. ಫೋರ್ಟಿನ ಅಡಿಗೆಯವರು, ಮಾಣಿಗಳು ಮೂರು ಗಂಟೆಯ ಬಿಡುವಿನಲ್ಲಿ ಬಂದಿದ್ದರು. ನಾನೇ ಆ ಹೊತ್ತು ಗೊತ್ತು ಮಾಡಿಸಿದ್ದು. ಮಾಸ್ತರರ ಫೋಟೋದ ಮುಂದೆ ಯಾರೂ ಭಾಷಣ ಉದ್ದ ಮಾಡಲಿಲ್ಲ, ನಾಲ್ಕಕ್ಕೆ ಎಲ್ಲರಿಗೂ ಚಹಾದ ಗಿರಾಕಿ. ಸೇವಂತಿ ನೀಲಿ ಸೀರೆ ಉಟ್ಟಿದ್ದಳು, ಹೆದರಿಕೆಯಲ್ಲಿ ವೇದಿಕೆಯ ಮೆಟ್ಟಿಲನ್ನು ಎರಡೆರಡು ಹತ್ತಿದಳು. ಐತ ಮೊದಲ ಸಾಲಿನಲ್ಲಿ ಕೂರಲು ಒಪ್ಪದೆ ಕಂಬದ ಹತ್ತಿರ ನಿಂತಿದ್ದ. ಸಿದ್ದ ಹೋಗಿ ಕೈ ಹಿಡಿದು ಎಳೆದು ತಂದು ತನ್ನ ಕುರ್ಚಿಯಲ್ಲೇ ಕೂರಿಸಿದ. ಕಾರ್ಯಕ್ರಮ ಮುಗಿಯುವ ತನಕ ತಾನು ನಿಂತೇ ಇದ್ದ.

ಎಲ್ಲ ಮುಗಿದ ಮೇಲೆ ಪ್ರಿನ್ಸಿಪಾಲರು ನಮ್ಮ ಹತ್ತಿರ ಬಂದರು. ಅವರಿಗೆ ಹಳೆಯ ಕರಾರು ಇನ್ನೂ ತಮಾಷೆಯೇ. ಸೇವಂತಿಯನ್ನು ತೋರಿಸಿ ಸಿದ್ದನನ್ನು ಕೇಳಿದರು, “ಏನು ಮಿಸ್ಟರ್ ಅಂಗಡಿ, ಕೊನೆಗೂ ನಿಮ್ಮ ಊರಿನವರಿಗೆ ಸಿಗಲಿಲ್ಲವಲ್ಲ?”

ಸಿದ್ದ ಉಡುಪಿಯನ್ನು ಕನಸಿನಲ್ಲೂ ಕಂಡವನಲ್ಲ. ಐತ ಧಾರವಾಡದ ದಿಕ್ಕು ಯಾವುದೆಂದು ತಿಳಿದವನಲ್ಲ. ಆ ಹುಡುಗಿ ಎರಡನ್ನೂ ಕಂಡಿಲ್ಲ. ನನ್ನ ಗೆಳೆಯ ಒಂದು ಕ್ಷಣವೂ ತಡೆಯಲಿಲ್ಲ, ಇಂಗ್ಲಿಷೂ ಮರೆತುಹೋಯಿತು. “ಸಿಕ್ಕೈತ್ರಿ ಸರ್, ನಮ್ಮೂರ ಹುಡುಗಿನ ಈಕಿ” ಎಂದ.

ಅವನು ಏನೆಂದನೆಂದು ಪ್ರಿನ್ಸಿಪಾಲರು ನನ್ನ ಮುಖ ನೋಡಿದರು. ನಾನು ಅದನ್ನು ಒಂದಕ್ಷರ ಬಿಡದೆ ಇಂಗ್ಲಿಷಿಗೆ ತಿರುಗಿಸಿ ಹೇಳಿದೆ ಅಮ್ಮ.

ನಿಮ್ಮ ಮಗ
ದೂಜ